ಕಳಿಸುವ ರಸ, ಅಳಿಸುವ ಕಿಣ್ವ

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಹನೂರು ಸಮೀಪದ ಸುಳ್ವಾಡಿಯಲ್ಲಿ ಮಾರಮ್ಮನ ದೇವಸ್ಥಾನದ ಗೋಪುರಕ್ಕೆ ಶಂಕುಸ್ಥಾಪನೆ ನಡೆಯಿತು. ಪೂಜೆ ಮುಗಿದ ಮೇಲೆ ಪ್ರಸಾದ ಉಂಡವರು ಒಬ್ಬೊಬ್ಬರಾಗಿ ಕುಸಿಯತೊಡಗಿದರು. ನೂರಕ್ಕೂ ಹೆಚ್ಚು ಜನರನ್ನು ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಸ್ಥಿತಿ ಬಿಗಡಾಯಿಸಿದವರನ್ನು ಮೈಸೂರಿಗೆ ಒಯ್ದು ವೆಂಟಿಲೇಟರ್‌ಗೆ ಜೋಡಿಸಿದರು. 17 ಮಂದಿ ಬದುಕಲಿಲ್ಲ. ಪ್ರಸಾದದಲ್ಲಿ ಬೆರೆತಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಅದಕ್ಕೂ ಐದು ವರ್ಷ ಮೊದಲು, 2013ರ ಜುಲೈನಲ್ಲಿ, ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರ ಬಿಸಿಯೂಟಕ್ಕೆ ಇದೇ ವಿಷ ಸೇರಿ 23 ಮಕ್ಕಳು ಸತ್ತಿದ್ದರು.

ಹೊಲದ ಹುಳುವಿಗೆಂದು ತಯಾರಾದ ದ್ರವ ಮನುಷ್ಯನ ಉಸಿರನ್ನು ಹೇಗೆ ನಿಲ್ಲಿಸುತ್ತದೆ? ಆಮ್ಲದ ಹಾಗೆ ಕರುಳನ್ನು ಸುಟ್ಟು ಕೊಲ್ಲುವ ವಿಷ ಇದಲ್ಲ. ಇದು ಮುಖ್ಯವಾಗಿ ಮಾಡುವುದು ಒಂದೇ ಕೆಲಸ. ಒಂದು ನರಕೋಶ ತನ್ನ ಮುಂದಿನ ಕೋಶಕ್ಕೆ ಕಳಿಸಿದ ರಾಸಾಯನಿಕ ಸಂದೇಶವನ್ನು ಕ್ಷಣಾರ್ಧದಲ್ಲಿ ಅಳಿಸಿಹಾಕುವ ಕಿಣ್ವವೊಂದು ನಮ್ಮ ಮೈಯಲ್ಲಿದೆ. ಈ ವಿಷ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಅಷ್ಟರಿಂದಲೇ ಜೊಲ್ಲು, ಕಣ್ಣೀರು, ಬೆವರು ಧಾರೆಯಾಗಿ ಸುರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಶ್ವಾಸನಾಳಗಳಲ್ಲಿ ನೀರು ತುಂಬಿಕೊಳ್ಳುತ್ತದೆ, ಹೃದಯ ನಿಧಾನವಾಗುತ್ತದೆ, ಮೈಯ ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋತು ಬೀಳುತ್ತವೆ.

ನರಕೋಶಗಳ ಮಾತುಕತೆ ಎಂದಾಗ ನಾವು ಸಾಮಾನ್ಯವಾಗಿ ಯೋಚಿಸುವುದು ಮಾತು ಹೊರಡುವ ಬಗೆಯನ್ನು. ಹೊರಟ ಮಾತು ಅಷ್ಟೇ ಚುರುಕಾಗಿ ಮುಗಿಯಬೇಕು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ನರವಿಜ್ಞಾನದ ನೂರು ವರ್ಷಗಳ ಕಥೆಯನ್ನು ಹಿಂದಿರುಗಿ ನೋಡಿದರೆ, ಅಳಿಸುವ ಈ ಕಿಣ್ವವೇ ಮತ್ತೆ ಮತ್ತೆ ಅಡ್ಡ ಬರುತ್ತದೆ: ಒಮ್ಮೆ ಸಂಶೋಧಕರ ದಾರಿ ತಪ್ಪಿಸುತ್ತ, ಒಮ್ಮೆ ದಾರಿ ತೋರಿಸುತ್ತ.

ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ 1888ರಲ್ಲಿ ಬಾರ್ಸಿಲೋನಾದ ತನ್ನ ಸೂಕ್ಷ್ಮದರ್ಶಕದಡಿ ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡ ಬಲೆಯಲ್ಲ, ಪ್ರತಿಯೊಂದೂ ಬಿಡಿ ಕೋಶ ಎಂದು ಕಂಡುಕೊಂಡ. ಹಾಗಾದರೆ ಒಂದರ ತುದಿಯಿಂದ ಇನ್ನೊಂದಕ್ಕೆ ಸಂದೇಶ ದಾಟುವುದು ಹೇಗೆ? ನರದೊಳಗೆ ಹರಿಯುವುದು ವಿದ್ಯುತ್ತು ಎಂಬುದು ಆ ಹೊತ್ತಿಗೆ ಗೊತ್ತಿತ್ತು. ಆದ್ದರಿಂದ ಅದೇ ವಿದ್ಯುತ್ತು ಮುಂದಿನ ಕೋಶಕ್ಕೂ ಹಾರುತ್ತದೆ ಎಂದೇ ಬಹುಮಂದಿ ನಂಬಿದ್ದರು. ಈ ನಂಬಿಕೆಗೆ ಸರಿಹೊಂದದ ಕೆಲವು ಸುಳಿವುಗಳೂ ಇದ್ದವು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ಕುರಾರೆ ವಿಷವನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಕಪ್ಪೆಗಳಿಗೆ ಕೊಟ್ಟು ನೋಡಿದ್ದ. ವಿಷವೇರಿದ ಕಪ್ಪೆಯ ಸ್ನಾಯುವಿಗೆ ನೇರವಾಗಿ ವಿದ್ಯುತ್ತು ಮುಟ್ಟಿಸಿದರೆ ಅದು ಸೆಟೆದುಕೊಳ್ಳುತ್ತಿತ್ತು, ನರದ ಮೂಲಕ ಮುಟ್ಟಿಸಿದರೆ ಮಾತ್ರ ಅಲುಗುತ್ತಿರಲಿಲ್ಲ. ಬರೀ ವಿದ್ಯುತ್ತೇ ಎರಡರ ನಡುವೆ ದಾಟುವುದಾದರೆ ಒಂದು ಗಿಡದ ರಸ ಅದನ್ನು ಅಷ್ಟು ನಿಖರವಾಗಿ ತಡೆದದ್ದು ಹೇಗೆ? 1904ರಲ್ಲಿ ಕೇಂಬ್ರಿಜ್‌ನ ಎಳೆಯ ಸಂಶೋಧಕ ಥಾಮಸ್ ಎಲಿಯಟ್, ನರತುದಿಯಿಂದ ಅಡ್ರಿನಲಿನ್‌ನಂಥ ರಾಸಾಯನಿಕವೇ ಹೊರಬರುತ್ತಿರಬಹುದು ಎಂದು ಬರೆದ. ಸಾಕ್ಷ್ಯ ಸಾಲಲಿಲ್ಲ; ಮಾತು ಅಲ್ಲಿಗೇ ನಿಂತಿತು.

ಸಾಕ್ಷ್ಯ ಒದಗಿಸಿದ್ದು ಆಸ್ಟ್ರಿಯಾದ ಗ್ರಾಟ್ಸ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಓಟೊ ಲೋವಿ. ಆತನೇ ಮುಂದೆ ಹೇಳಿಕೊಂಡ ಪ್ರಕಾರ ಪ್ರಯೋಗದ ವಿನ್ಯಾಸ ಹೊಳೆದದ್ದು ಈಸ್ಟರ್ ಸಮಯದ ಒಂದು ರಾತ್ರಿ, ನಿದ್ದೆಯಲ್ಲಿ. ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದ. ಬೆಳಗ್ಗೆ ನೋಡಿದರೆ ತನ್ನ ಬರಹ ತನಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಆಲೋಚನೆ ಮರಳಿ ಬಂದಾಗ ಕಾಗದದ ಗೋಜಿಗೆ ಹೋಗದೆ ನೇರವಾಗಿ ಪ್ರಯೋಗಾಲಯಕ್ಕೆ ನಡೆದ. ಈ ಕನಸಿನ ಕಥೆ ಪಠ್ಯಪುಸ್ತಕಗಳಲ್ಲಿ ಎಷ್ಟು ಮೆರೆದಿದೆಯೆಂದರೆ, ಪ್ರಯೋಗದ ಸೊಗಸು ಅದರ ಹಿಂದೆ ಮರೆಯಾಗಿಬಿಟ್ಟಿದೆ. ಆ ಸೊಗಸನ್ನೇ ತುಸು ನಿಧಾನಿಸಿ ನೋಡಬೇಕು.

ಕಪ್ಪೆಯ ಎರಡು ಹೃದಯಗಳು. ಮೈಯಿಂದ ಹೊರತೆಗೆದರೂ ಉಪ್ಪುನೀರಿನ ದ್ರಾವಣದಲ್ಲಿ ಅವು ಗಂಟೆಗಟ್ಟಲೆ ಬಡಿಯುತ್ತಿರುತ್ತವೆ. ಮೊದಲನೆಯದಕ್ಕೆ ಬಡಿತವನ್ನು ನಿಧಾನಿಸುವ ವೇಗಸ್ ನರ ಅಂಟಿಕೊಂಡೇ ಇದೆ. ಎರಡನೆಯದಕ್ಕೆ ನರವನ್ನು ಕತ್ತರಿಸಿ ತೆಗೆದಿದೆ. ಲೋವಿ ಮೊದಲ ಹೃದಯದ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದ. ನಿರೀಕ್ಷೆಯಂತೆ ಅದರ ಬಡಿತ ನಿಧಾನವಾಯಿತು. ಆ ಹೃದಯದೊಳಗಿದ್ದ ದ್ರಾವಣವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದ. ಯಾವ ನರವೂ ಇಲ್ಲದ, ಯಾರೂ ಪ್ರಚೋದಿಸದ ಆ ಹೃದಯವೂ ನಿಧಾನವಾಯಿತು! ಬಡಿತ ಹೆಚ್ಚಿಸುವ ನರವನ್ನು ಪ್ರಚೋದಿಸಿ ಅದರ ದ್ರಾವಣ ಸುರಿದಾಗ ಎರಡನೆಯ ಹೃದಯವೂ ಚುರುಕಾಯಿತು. ವಿದ್ಯುತ್ತನ್ನು ಹೀಗೆ ಒಂದು ಹೃದಯದಿಂದ ತೆಗೆದು ಇನ್ನೊಂದಕ್ಕೆ ಹಾಕಲಾಗದು. ದ್ರಾವಣದೊಳಗೆ ಏನೋ ಒಂದು ವಸ್ತು ಇರಲೇಬೇಕು. 1921ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಲೋವಿ ಬಹಳ ಎಚ್ಚರದಿಂದ ಹೆಜ್ಜೆ ಇಟ್ಟಿದ್ದಾನೆ. ಮುಂದೆ ಅವನು ಆ ವಸ್ತುವಿಗೆ 'ವೇಗಸ್ ನರದ ವಸ್ತು' ಎಂಬಷ್ಟೇ ಅರ್ಥದ ಜರ್ಮನ್ ಹೆಸರು ಕೊಟ್ಟ.

ಹಲವು ಪ್ರಯೋಗಾಲಯಗಳಲ್ಲಿ ಈ ಪ್ರಯೋಗ ಮರುಕಳಿಸಲೇ ಇಲ್ಲ. ಋತು ಬದಲಾದರೆ, ಕಪ್ಪೆಯ ಜಾತಿ ಬದಲಾದರೆ ಫಲಿತಾಂಶ ಕೈಕೊಡುತ್ತಿತ್ತು. ಸಂಶಯ ದಟ್ಟವಾದಾಗ, 1926ರಲ್ಲಿ ಸ್ಟಾಕ್‌ಹೋಮ್‌ನ ಅಂತರರಾಷ್ಟ್ರೀಯ ಶರೀರಕ್ರಿಯಾ ವಿಜ್ಞಾನ ಸಮ್ಮೇಳನದಲ್ಲಿ ಲೋವಿ ಎಲ್ಲರ ಕಣ್ಣೆದುರೇ ಅದನ್ನು ಮತ್ತೆ ಮತ್ತೆ ಮಾಡಿ ತೋರಿಸಬೇಕಾಯಿತು. ತೊಂದರೆಯ ಒಂದು ಮುಖ್ಯ ಕಾರಣ ಅದೇ ವರ್ಷ ಅವನಿಗೇ ಸಿಕ್ಕಿತು. ನವ್ರಾಟಿಲ್ ಎಂಬ ಸಹೋದ್ಯೋಗಿಯೊಂದಿಗೆ ಸೇರಿ ಅವನು ತೋರಿಸಿದ್ದು ಇಷ್ಟು: ಹೃದಯದ ಅಂಗಾಂಶದಲ್ಲೇ ಒಂದು ಕಿಣ್ವವಿದೆ, ಅದು ಆ ವಸ್ತುವನ್ನು ಹುಟ್ಟಿದ ಜಾಗದಲ್ಲೇ ಒಡೆದುಹಾಕುತ್ತದೆ, ಎಸೆರೀನ್ ಎಂಬ ರಾಸಾಯನಿಕ ಬೆರೆಸಿದರೆ ಕಿಣ್ವ ಸುಮ್ಮನಾಗಿ ವಸ್ತು ಉಳಿದುಕೊಳ್ಳುತ್ತದೆ. ಅಷ್ಟು ವರ್ಷ ಯಾರ ಕೈಗೂ ಸಿಗದೆ ನುಣುಚಿಕೊಂಡ ವಸ್ತುವನ್ನು ಹಿಡಿದು ನಿಲ್ಲಿಸುವ ಉಪಾಯ ಈಗ ದೊರಕಿತು.

ಎಸೆರೀನ್ ಬಂದದ್ದು ಇಂದಿನ ನೈಜೀರಿಯಾದ ಕಲಬಾರ್ ಪ್ರದೇಶದ ಒಂದು ಬಳ್ಳಿಯ ಬೀಜದಿಂದ. ಅಲ್ಲಿನ ಎಫಿಕ್ ಜನ ಅದನ್ನು ಅಪರಾಧ ನಿರ್ಣಯಕ್ಕೆ ಬಳಸುತ್ತಿದ್ದರು: ಆರೋಪ ಹೊತ್ತವನು ಬೀಜ ತಿನ್ನಬೇಕು, ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ಎಡಿನ್‌ಬರೋದ ವಿಷಶಾಸ್ತ್ರಜ್ಞ ರಾಬರ್ಟ್ ಕ್ರಿಸ್ಟಿಸನ್ 1855ರ ಸುಮಾರಿಗೆ ಆ ಬೀಜವನ್ನು ತಾನೇ ತಿಂದು ನೋಡಿದ. ಮೈ ಸೋಲತೊಡಗಿದ್ದೇ ತಡ, ಕ್ಷೌರಕ್ಕೆ ಇಟ್ಟಿದ್ದ ಸೋಪಿನ ನೀರನ್ನು ಗಟಗಟ ಕುಡಿದು ವಾಂತಿ ಮಾಡಿಕೊಂಡು ಜೀವ ಉಳಿಸಿಕೊಂಡ. ಆಫ್ರಿಕಾದ ಈ ಬೀಜ ಇಲ್ಲದಿದ್ದರೆ ನರಗಳ ರಾಸಾಯನಿಕ ಸಂದೇಶದ ಕಥೆ ಎಷ್ಟೋ ವರ್ಷ ತಡವಾಗುತ್ತಿತ್ತು.

ಲೋವಿಯ ಆ ವಸ್ತು ಅಸಿಟೈಲ್‌ಕೋಲಿನ್. ಲಂಡನ್ನಿನಲ್ಲಿ ಹೆನ್ರಿ ಡೇಲ್ 1914ರಷ್ಟು ಹಿಂದೆಯೇ ಈ ರಾಸಾಯನಿಕದ ಗುಣಗಳನ್ನು ವಿವರವಾಗಿ ಬರೆದಿದ್ದ. ರಕ್ತಕ್ಕೆ ಸೇರಿಸಿದರೆ ಅದರ ಪರಿಣಾಮ ಕ್ಷಣದಲ್ಲಿ ಮಾಯವಾಗುವುದನ್ನು ಕಂಡು, ಅದನ್ನು ಒಡೆಯುವ ಕಿಣ್ವವೊಂದು ಇರಬೇಕು ಎಂದೂ ಊಹಿಸಿದ್ದ. ಆದರೆ ಆ ವಸ್ತು ಪ್ರಾಣಿಗಳ ಮೈಯಲ್ಲಿ ಸಹಜವಾಗಿ ಇದೆ ಎಂಬುದಕ್ಕೆ 1929ರವರೆಗೆ ಪುರಾವೆ ಸಿಕ್ಕಿರಲಿಲ್ಲ. 1933ರಲ್ಲಿ ಹಿಟ್ಲರನ ಆಡಳಿತ ಯಹೂದಿ ವಿಜ್ಞಾನಿಗಳನ್ನು ಹೊರದಬ್ಬತೊಡಗಿದಾಗ ಬರ್ಲಿನ್ನಿನಿಂದ ಡೇಲ್ ಬಳಿಗೆ ಬಂದವನು ವಿಲ್ಹೆಲ್ಮ್ ಫೆಲ್ಡ್‌ಬರ್ಗ್. ಅವನು ಜೊತೆಗೆ ತಂದ ವಿದ್ಯೆ ವಿಚಿತ್ರವಾಗಿತ್ತು. ಜಿಗಣೆಯ ಬೆನ್ನಿನ ಸ್ನಾಯುವಿನ ಪಟ್ಟಿಯನ್ನು ಎಸೆರೀನ್‌ನಲ್ಲಿ ನೆನೆಸಿ ತೂಗುಹಾಕಿದರೆ, ಬೇರೆ ಯಾವ ಉಪಕರಣಕ್ಕೂ ಸಿಗದಷ್ಟು ಕಡಿಮೆ ಪ್ರಮಾಣದ ಅಸಿಟೈಲ್‌ಕೋಲಿನ್‌ಗೂ ಅದು ಸಂಕುಚಿಸುತ್ತಿತ್ತು. ಆ ಜಿಗಣೆಯ ಸ್ನಾಯುವನ್ನೇ ಅಳತೆಗೋಲಾಗಿಸಿಕೊಂಡು ಡೇಲ್, ಫೆಲ್ಡ್‌ಬರ್ಗ್ ಮತ್ತು ಮಾರ್ಥೆ ಫೋಗ್ಟ್ 1936ರಲ್ಲಿ, ನಾವು ಇಚ್ಛೆಯಿಂದ ಆಡಿಸುವ ಸ್ನಾಯುಗಳಿಗೂ ನರದಿಂದ ಬರುವ ಸಂದೇಶ ಅಸಿಟೈಲ್‌ಕೋಲಿನ್ ರೂಪದಲ್ಲೇ ಇರುತ್ತದೆ ಎಂದು ತೋರಿಸಿಕೊಟ್ಟರು. ಅದೇ ವರ್ಷ ಲೋವಿ ಮತ್ತು ಡೇಲ್ ನೊಬೆಲ್ ಹಂಚಿಕೊಂಡರು.

ಲೋವಿಗೆ ಆ ಹಣ ದಕ್ಕಲಿಲ್ಲ. 1938ರ ಮಾರ್ಚ್‌ನಲ್ಲಿ ನಾತ್ಸಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡ ರಾತ್ರಿಯೇ ಯಹೂದಿಯಾದ ಅವನನ್ನು ಸೆರೆಮನೆಗೆ ನೂಕಿದರು. ತಾನು ಸಾಯುವ ಮುನ್ನ ತನ್ನ ಕೊನೆಯ ಪ್ರಯೋಗಗಳ ಫಲಿತಾಂಶ ಪ್ರಕಟವಾಗಬೇಕೆಂದು ಆತ ಅಲ್ಲಿಂದಲೇ ಒಂದು ಅಂಚೆ ಕಾರ್ಡಿನಲ್ಲಿ ಬರೆದು ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದ. ಸ್ಟಾಕ್‌ಹೋಮ್‌ನ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾತ್ಸಿ ನಿಯಂತ್ರಣದ ಬ್ಯಾಂಕಿಗೆ ವರ್ಗಾಯಿಸಿದ ಮೇಲಷ್ಟೇ ದೇಶ ಬಿಡಲು ಅನುಮತಿ ಸಿಕ್ಕಿತು. 1940ರಲ್ಲಿ ಅಮೆರಿಕ ಸೇರಿದ.

ಹೃದಯ, ಸ್ನಾಯು ಸರಿ, ಆದರೆ ಮೆದುಳಿನೊಳಗೆ? ಅಲ್ಲಿ ಸಂದೇಶಗಳ ವೇಗಕ್ಕೆ ರಾಸಾಯನಿಕ ಸಾಲದು ಎಂದು ಆಸ್ಟ್ರೇಲಿಯಾದ ಜಾನ್ ಎಕಲ್ಸ್ ವರ್ಷಗಟ್ಟಲೆ ಪಟ್ಟು ಹಿಡಿದು ವಾದಿಸಿದ. ಕೊನೆಗೆ 1951ರಲ್ಲಿ, ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ, ಬೆಕ್ಕಿನ ಬೆನ್ನುಹುರಿಯ ನರಕೋಶದೊಳಕ್ಕೆ ಅತಿ ಸೂಕ್ಷ್ಮ ಗಾಜಿನ ನಳಿಗೆ ಚುಚ್ಚಿ ಅಳೆದಾಗ ಅವನಿಗೆ ಕಂಡದ್ದು ತನ್ನ ವಾದಕ್ಕೆ ನೇರ ವಿರುದ್ಧವಾದ ಫಲಿತಾಂಶ. ಎಕಲ್ಸ್ ಅದನ್ನು ಬಚ್ಚಿಡಲಿಲ್ಲ, ತಾನೇ ಪ್ರಕಟಿಸಿದ. ರಾಸಾಯನಿಕ ಪಕ್ಷಕ್ಕೆ ಬಂದು 1963ರಲ್ಲಿ ನೊಬೆಲ್ ಪಡೆದ. ವಿದ್ಯುತ್ ಪಕ್ಷವೂ ಪೂರ್ತಿ ಸುಳ್ಳಾಗಲಿಲ್ಲವೆನ್ನಿ. ಸಿಹಿನೀರಿನ ಸೀಗಡಿಯಂಥ ಜೀವಿಯ ನರಗಳಲ್ಲಿ ನೇರ ವಿದ್ಯುತ್ ಸಂಪರ್ಕ ಇರುವುದು 1959ರಲ್ಲಿ ಸಾಬೀತಾಯಿತು. ನಮ್ಮ ಮೆದುಳಿನಲ್ಲೂ ಅಂಥವು ಅಲ್ಲಲ್ಲಿ ಇವೆ. ಬಹುಪಾಲು ಸಂಪರ್ಕಗಳು ಮಾತ್ರ ರಾಸಾಯನಿಕವೇ.

ಆ ರಾಸಾಯನಿಕ ನರತುದಿಯಿಂದ ಹೇಗೆ ಹೊರಬರುತ್ತದೆ ಎಂಬುದನ್ನು ಬಿಡಿಸಿದವನು ಬರ್ನಾರ್ಡ್ ಕಾಟ್ಸ್. ಲೈಪ್ಜಿಗ್‌ನಲ್ಲಿ ಹುಟ್ಟಿ, 1935ರಲ್ಲಿ ನಾತ್ಸಿಗಳಿಂದ ತಪ್ಪಿಸಿಕೊಂಡು ಲಂಡನ್ ಸೇರಿದ್ದ ಈತ 1950ರ ದಶಕದ ಮೊದಲಲ್ಲಿ ಪಾಲ್ ಫ್ಯಾಟ್ ಎಂಬ ಜೊತೆಗಾರನೊಂದಿಗೆ ಕಪ್ಪೆಯ ಸ್ನಾಯುವಿನ ಮೇಲೆ ಕೆಲಸ ಮಾಡುತ್ತಿದ್ದ. ನರವನ್ನು ಯಾರೂ ಪ್ರಚೋದಿಸದಿದ್ದಾಗಲೂ ಉಪಕರಣದಲ್ಲಿ ಅರ್ಧ ಮಿಲಿವೋಲ್ಟ್ ಆಸುಪಾಸಿನ ಪುಟ್ಟ ಮಿಡಿತಗಳು ಕಾಣಿಸಿಕೊಳ್ಳುತ್ತಿದ್ದವು. ಬೇರೆಯವರಾಗಿದ್ದರೆ ಉಪಕರಣದ ಗದ್ದಲವೆಂದು ತಳ್ಳಿಹಾಕುತ್ತಿದ್ದರೇನೊ. ಕಾಟ್ಸ್ ಬೆನ್ನು ಹತ್ತಿದ. ಆ ಮಿಡಿತಗಳು ಹೆಚ್ಚುಕಡಿಮೆ ಒಂದೇ ಗಾತ್ರದವಾಗಿದ್ದವು, ಮತ್ತು ನರವನ್ನು ಪ್ರಚೋದಿಸಿದಾಗ ಬರುವ ದೊಡ್ಡ ಮಿಡಿತ ಇವುಗಳದೇ ಮೊತ್ತವಾಗಿತ್ತು. ಅಂದರೆ ಎಪಿಎಂಸಿ ಮಂಡಿಗೆ ಅಡಿಕೆ ಮೂಟೆಗಳ ಲೆಕ್ಕದಲ್ಲಿ ಬರುವಂತೆ, ನರತುದಿಯಿಂದ ಅಸಿಟೈಲ್‌ಕೋಲಿನ್ ಹೊರಬೀಳುವುದು ಇಡಿಯ ಪೊಟ್ಟಣಗಳ ಲೆಕ್ಕದಲ್ಲಿ. ಒಂದು, ಎರಡು, ನೂರು ಇರಬಹುದು, ಒಂದೂವರೆ ಇರುವುದಿಲ್ಲ. ಅದೇ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳು ನರತುದಿಯೊಳಗೆ ಸಾಲುಗಟ್ಟಿ ನಿಂತ ಪುಟಾಣಿ ಚೀಲಗಳನ್ನು ತೋರಿಸಿದವು. ಒಂದೊಂದರ ಅಡ್ಡಗಲ 50 ನ್ಯಾನೋಮೀಟರ್‌ಗಿಂತ ತುಸು ಕಡಿಮೆ. ಒಂದೊಂದರಲ್ಲೂ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳು.

ಇಂದು ಆ ಕ್ಷಣದ ಚಿತ್ರ ಬಹಳ ಸ್ಪಷ್ಟವಾಗಿದೆ. ನರದುದ್ದಕ್ಕೂ ಹರಿದು ಬಂದ ವಿದ್ಯುತ್ ಅಲೆ ತುದಿಯನ್ನು ತಲುಪಿದೊಡನೆ ಅಲ್ಲಿನ ಕೋಶಪೊರೆಯ ಕ್ಯಾಲ್ಸಿಯಂ ದ್ವಾರಗಳು ತೆರೆಯುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ ಚೀಲದ ಮೈಮೇಲಿನ ಪ್ರೋಟೀನೊಂದಕ್ಕೆ ಅಂಟುತ್ತದೆ. ಚೀಲ ಕೋಶಪೊರೆಯೊಂದಿಗೆ ಬೆಸೆದು ಬಾಯಿ ತೆರೆಯುತ್ತದೆ. ಈ ಬೆಸುಗೆಯ ಯಂತ್ರವನ್ನು ಬಿಡಿ ಬಿಡಿಯಾಗಿ ಅರ್ಥ ಮಾಡಿಕೊಂಡದ್ದಕ್ಕೆ ಜೇಮ್ಸ್ ರಾತ್‌ಮನ್, ರ‍್ಯಾಂಡಿ ಶೆಕ್‌ಮನ್ ಮತ್ತು ಥಾಮಸ್ ಸ್ಯೂಡಾಫ್ 2013ರ ನೊಬೆಲ್ ಪಡೆದರು. ಚೆಲ್ಲಿದ ಅಣುಗಳು ಸುಮಾರು 50 ನ್ಯಾನೋಮೀಟರ್ ಅಗಲದ ಕಂದಕವನ್ನು ದಾಟಿ ಸ್ನಾಯುವಿನ ಮೇಲಿನ ಗ್ರಾಹಕ ಪ್ರೋಟೀನುಗಳನ್ನು ಸೇರುತ್ತವೆ. ಗ್ರಾಹಕದ ನಡುವೆ ಒಂದು ರಂಧ್ರ. ಎರಡು ಅಣುಗಳು ಕೂತಾಗ ಅದು ತೆರೆದುಕೊಳ್ಳುತ್ತದೆ, ಸೋಡಿಯಂ ಒಳಹರಿಯುತ್ತದೆ, ಸ್ನಾಯು ಬಿಗಿಯುತ್ತದೆ. ವಿದ್ಯುತ್ ಅಲೆ ತುದಿ ಮುಟ್ಟಿದಲ್ಲಿಂದ ಇಲ್ಲಿಯವರೆಗೆ ಒಂದು ಮಿಲಿಸೆಕೆಂಡಿನ ಆಸುಪಾಸು.

ಕಂದಕದಲ್ಲಿ ಕಾದು ಕುಳಿತಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವ ಅಷ್ಟರಲ್ಲಾಗಲೇ ಕೆಲಸ ಶುರುಮಾಡಿರುತ್ತದೆ. ಇದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಕತ್ತರಿಸಬಲ್ಲದು. ನಿಸರ್ಗದ ಅತ್ಯಂತ ವೇಗದ ಕಿಣ್ವಗಳಲ್ಲಿ ಇದೂ ಒಂದು. ತುಂಡಾದ ಕೋಲಿನ್ ನರತುದಿಗೆ ಮರಳಿ ಹೊಸ ಅಸಿಟೈಲ್‌ಕೋಲಿನ್ ತಯಾರಿಗೆ ಬಳಕೆಯಾಗುತ್ತದೆ. ಮೃದಂಗ ನುಡಿಸುವವರ ಬೆರಳು ಸೆಕೆಂಡಿನಲ್ಲಿ ಹಲವು ಸಲ ಎದ್ದು ಬೀಳಲು ಸಾಧ್ಯವಾಗುವುದು ಪ್ರತಿ ಆಜ್ಞೆಯೂ ಮುಂದಿನ ಆಜ್ಞೆಗೆ ಮೊದಲೇ ಪೂರ್ತಿ ಅಳಿಸಿಹೋಗುವುದರಿಂದ.

ಎಲ್ಲ ರಾಸಾಯನಿಕ ಸಂದೇಶಗಳನ್ನೂ ಕಿಣ್ವವೇ ಅಳಿಸುವುದಿಲ್ಲ. ಗ್ಲುಟಮೇಟ್, ಗಾಬಾ, ಡೋಪಮಿನ್, ಸೆರೊಟೋನಿನ್‌ಗಳನ್ನು ಕೋಶಪೊರೆಯಲ್ಲಿರುವ ಪಂಪುಗಳು ಎತ್ತಿ ಒಳಗೆ ಹಾಕಿಕೊಳ್ಳುತ್ತವೆ. ನಾರ್‌ಅಡ್ರಿನಲಿನ್ ಹೀಗೆ ಮರಳಿ ಒಳಸೇರುವುದನ್ನು ಕಂಡುಹಿಡಿದ ಜೂಲಿಯಸ್ ಆಕ್ಸೆಲ್‌ರಾಡ್ 1970ರಲ್ಲಿ ಕಾಟ್ಸ್ ಮತ್ತು ಉಲ್ಫ್ ಫಾನ್ ಆಯ್ಲರ್ ಜೊತೆ ನೊಬೆಲ್ ಹಂಚಿಕೊಂಡ. ಖಿನ್ನತೆಗೆ ವೈದ್ಯರು ಇಂದು ಹೆಚ್ಚಾಗಿ ಬರೆಯುವ ಫ್ಲುಯೊಕ್ಸೆಟಿನ್ ಬಗೆಯ ಮಾತ್ರೆಗಳು ಹೊಸ ಸೆರೊಟೋನಿನ್ ಕೊಡುವುದಿಲ್ಲ. ಚೆಲ್ಲಿದ್ದನ್ನು ಎತ್ತಿಕೊಳ್ಳುವ ಪಂಪನ್ನು ತಡೆಯುತ್ತವೆ. ಅಲ್ಲೂ ಕೈ ಹಾಕಿರುವುದು ಅಳಿಸುವ ಹಂತಕ್ಕೇ.

ಅಸಿಟೈಲ್‌ಕೋಲಿನ್ ಒಂದೇ ಆದರೂ ಅದು ಹೃದಯವನ್ನು ನಿಧಾನಿಸುತ್ತದೆ, ತೊಡೆಯ ಸ್ನಾಯುವನ್ನು ಬಿಗಿಗೊಳಿಸುತ್ತದೆ, ಜೊಲ್ಲುಗ್ರಂಥಿ ಸ್ರವಿಸುವಂತೆ ಮಾಡುತ್ತದೆ. ವ್ಯತ್ಯಾಸ ಗ್ರಾಹಕಗಳಲ್ಲಿದೆ. ಡೇಲ್ 1914ರಲ್ಲೇ ಎರಡು ಬಗೆಯ ಪರಿಣಾಮಗಳನ್ನು ಬೇರ್ಪಡಿಸಿದ್ದ: ತಂಬಾಕಿನ ನಿಕೋಟಿನ್ ಅನುಕರಿಸುವಂಥವು ಕೆಲವು, ಒಂದು ಜಾತಿಯ ಅಣಬೆಯ ಮಸ್ಕರೀನ್ ಅನುಕರಿಸುವಂಥವು ಕೆಲವು. ಸ್ನಾಯುವಿನ ಮೇಲಿರುವುದು ನಿಕೋಟಿನ್ ಬಗೆಯ ಗ್ರಾಹಕ. ಹೃದಯ, ಕರುಳು, ಗ್ರಂಥಿಗಳಲ್ಲಿರುವುದು ಮಸ್ಕರೀನ್ ಬಗೆಯದು.

ಕರ್ನಾಟಕದ ತೋಟ, ಹೊಲ, ಬೇಲಿಗಳನ್ನು ಈ ದೃಷ್ಟಿಯಿಂದ ನೋಡಿದರೆ ಅಚ್ಚರಿಯಾಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕಿನಲ್ಲಿ ನಿಕೋಟಿನ್ ಇದೆ. ಮಲೆನಾಡು, ಕರಾವಳಿಯ ಅಡಿಕೆಯಲ್ಲಿರುವ ಅರೆಕೋಲಿನ್ ಮಸ್ಕರೀನ್ ಬಗೆಯ ಗ್ರಾಹಕಗಳ ಮೇಲೆ ಕೂತು ಅಸಿಟೈಲ್‌ಕೋಲಿನ್‌ನಂತೆಯೇ ವರ್ತಿಸುತ್ತದೆ. ಎಲೆಯಡಿಕೆ ಹಾಕಿದಾಗ ಬಾಯಲ್ಲಿ ನೀರೂರುವುದಕ್ಕೆ, ಅಭ್ಯಾಸವಿಲ್ಲದವರು ಬೆವರುವುದಕ್ಕೆ ಇದು ಕಾರಣ. ಬೇಲಿಯ ಬದಿಯಲ್ಲಿ ಯಾರೂ ನೆಡದೆ ಬೆಳೆಯುವ ಉಮ್ಮತ್ತಿಯಲ್ಲಿ ಅಟ್ರೋಪಿನ್ ಇದೆ. ಅದು ಅದೇ ಮಸ್ಕರೀನ್ ಬಗೆಯ ಗ್ರಾಹಕಗಳನ್ನು ಮುಚ್ಚಿ ಕೂರುತ್ತದೆ: ಬಾಯಿ ಒಣಗುತ್ತದೆ, ಪಾಪೆ ಅಗಲವಾಗುತ್ತದೆ, ಎದೆ ಬಡಿತ ಏರುತ್ತದೆ, ಮನಸ್ಸು ಭ್ರಮೆಗೆ ಜಾರುತ್ತದೆ. ಗಿಡಗಳು ತಮ್ಮನ್ನು ತಿನ್ನಬರುವ ಕೀಟ, ಪ್ರಾಣಿಗಳ ವಿರುದ್ಧ ಪ್ರಯೋಗಿಸುವ ಇಂಥ ರಾಸಾಯನಿಕಗಳಲ್ಲಿ ಇಷ್ಟೊಂದು ಈ ಒಂದೇ ಸಂಪರ್ಕ ಜಾಲಕ್ಕೆ ಗುರಿಯಿಟ್ಟಿರುವುದು ಆ ಜಾಲ ಪ್ರಾಣಿಜಗತ್ತಿನಲ್ಲಿ ಎಷ್ಟು ಹಳೆಯದು, ಎಷ್ಟು ವ್ಯಾಪಕ ಎಂಬುದನ್ನು ಹೇಳುತ್ತದೆ.

ಕೀಟನಾಶಕದ ಹುಟ್ಟೂ ಇಲ್ಲೇ. ಕೀಟಗಳ ಮೆದುಳಿನಲ್ಲಿ ಸಂದೇಶಗಳ ಮುಖ್ಯ ವಾಹಕ ಅಸಿಟೈಲ್‌ಕೋಲಿನ್. ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಯ ಗೆರ್ಹಾರ್ಡ್ ಶ್ರಾಡರ್ 1936ರ ಡಿಸೆಂಬರ್‌ನಲ್ಲಿ ಕೀಟಗಳನ್ನು ಕೊಲ್ಲಲು ರಂಜಕದ ಸಂಯುಕ್ತಗಳನ್ನು ಪರೀಕ್ಷಿಸುತ್ತಿದ್ದಾಗ ಟಾಬುನ್ ಸಿಕ್ಕಿತು. ಅದು ಮನುಷ್ಯರಿಗೂ ಅಷ್ಟೇ ಮಾರಕವೆಂದು ತಿಳಿದೊಡನೆ ಸೇನೆ ಅದನ್ನು ಕೈವಶ ಮಾಡಿಕೊಂಡಿತು. ಎರಡು ವರ್ಷದ ಬಳಿಕ ಸಾರಿನ್ ಬಂತು. 1995ರಲ್ಲಿ ಟೋಕಿಯೋದ ಸುರಂಗ ರೈಲುಗಳಲ್ಲಿ ಭಯೋತ್ಪಾದಕರು ಬಿಟ್ಟದ್ದು ಅದನ್ನೇ. ರಾಸಾಯನಿಕವಾಗಿ ಮೊನೊಕ್ರೊಟೊಫಾಸ್ ಅದೇ ಬಳಗದ್ದು. ಕಿಣ್ವದ ಕತ್ತರಿಸುವ ಜಾಗಕ್ಕೆ ರಂಜಕದ ಗುಂಪೊಂದು ಬಿಗಿಯಾಗಿ ಅಂಟಿ ಕೂರುತ್ತದೆ; ಅಳಿಸುವ ಕೆಲಸ ನಿಂತು ಅಸಿಟೈಲ್‌ಕೋಲಿನ್ ಶೇಖರವಾಗುತ್ತ ಹೋಗುತ್ತದೆ.

ಇಂಥ ರೋಗಿಗೆ ವೈದ್ಯರು ಮೊದಲು ಕೊಡುವುದು ಉಮ್ಮತ್ತಿಯಲ್ಲಿರುವ ಅದೇ ಅಟ್ರೋಪಿನ್. ಎದೆಯಲ್ಲಿ ತುಂಬಿದ ನೀರು ಒಣಗುವವರೆಗೆ, ಹೃದಯ ಚೇತರಿಸಿಕೊಳ್ಳುವವರೆಗೆ, ಪ್ರಮಾಣವನ್ನು ಇಮ್ಮಡಿಸುತ್ತ ಕೊಡುತ್ತಾರೆ. ಪ್ರಾಲಿಡಾಕ್ಸಿಮ್ ಎಂಬ ಔಷಧವನ್ನು 1955ರಲ್ಲಿ ರೂಪಿಸಿದ್ದು ಕಿಣ್ವಕ್ಕೆ ಅಂಟಿದ ರಂಜಕವನ್ನು ಕಿತ್ತುಹಾಕಲೆಂದೇ. ಹೊತ್ತು ಮೀರಿದರೆ ಅಂಟು ಗಟ್ಟಿಯಾಗಿ ಅದು ಕೆಲಸ ಮಾಡದು, ಮತ್ತು ಭಾರತ, ಶ್ರೀಲಂಕಾಗಳಲ್ಲಿ ನಡೆದ ಪರೀಕ್ಷೆಗಳು ಅದರ ಪ್ರಯೋಜನದ ಬಗ್ಗೆ ಒಂದೇ ಉತ್ತರ ಕೊಟ್ಟಿಲ್ಲ. ಅಟ್ರೋಪಿನ್‌ಗೂ ಮಿತಿಯಿದೆ. ಅದು ಸ್ನಾಯುವಿನ ಗ್ರಾಹಕಗಳನ್ನು ಮುಟ್ಟುವುದಿಲ್ಲ. ಮೊದಲ ಗಂಡಾಂತರ ಕಳೆದು ಎದ್ದು ಕೂತ ರೋಗಿ ಒಂದರಿಂದ ನಾಲ್ಕು ದಿನಗಳೊಳಗೆ ಕತ್ತು ಎತ್ತಲಾಗದೆ, ಉಸಿರೆಳೆಯಲಾಗದೆ ಮತ್ತೆ ಕುಸಿಯುವುದನ್ನು 1987ರಲ್ಲಿ ಶ್ರೀಲಂಕಾದ ವೈದ್ಯರಾದ ನಿಮಾಲ್ ಸೇನಾನಾಯಕೆ ಮತ್ತು ಲಕ್ಷ್ಮಣ್ ಕರಲ್ಲಿಯೆಡ್ಡೆ ವಿವರಿಸಿದರು. ಹುಷಾರಾದನೆಂದು ಮನೆಗೆ ಕರೆದೊಯ್ಯುವ ಆತುರ ಇಂಥವರ ಜೀವಕ್ಕೇ ಎರವಾಗುತ್ತದೆ. ಔಷಧಿ ಸಿಂಪಡಿಸುವ ರೈತ ಕುಟುಂಬಗಳಿಗೆ ಈ ಒಂದು ವಿಷಯವನ್ನಾದರೂ ತಿಳಿಹೇಳುವುದು ಕೀಟನಾಶಕ ಮಾರುವವರ, ಕೃಷಿ ಮತ್ತು ಆರೋಗ್ಯ ಇಲಾಖೆಗಳ ಹೊಣೆ.

ಅದೇ ಕಿಣ್ವವನ್ನು ಹದವಾಗಿ, ಅಳತೆ ಮಾಡಿ ತಡೆದರೆ ಅದೇ ಮದ್ದಾಗುತ್ತದೆ. ಮಯಸ್ತೇನಿಯಾ ಗ್ರಾವಿಸ್ ಎಂಬ ಕಾಯಿಲೆಯಲ್ಲಿ ಕಣ್ಣರೆಪ್ಪೆ ಜೋತುಬೀಳುತ್ತದೆ, ಅಗಿಯುತ್ತ ಅಗಿಯುತ್ತ ದವಡೆ ಸೋಲುತ್ತದೆ, ದಿನ ಇಳಿದಂತೆ ಬಲ ಇಳಿಯುತ್ತದೆ. ಲಂಡನ್ನಿನ ಗ್ರಿನಿಚ್‌ನ ಸೇಂಟ್ ಆಲ್ಫೆಜ್ ಆಸ್ಪತ್ರೆಯ ಮೇರಿ ವಾಕರ್ 1934ರಲ್ಲಿ, ಈ ಲಕ್ಷಣಗಳು ಕುರಾರೆ ವಿಷದ ಲಕ್ಷಣಗಳನ್ನು ಹೋಲುತ್ತವೆಂದು ಗಮನಿಸಿ, ಕುರಾರೆಗೆ ಪ್ರತಿವಿಷವಾಗಿದ್ದ ಕಲಬಾರ್ ಬೀಜದ ರಸವನ್ನೇ ಚುಚ್ಚಿ ನೋಡಿದರು. ರೋಗಿಯ ರೆಪ್ಪೆ ಮೇಲೆದ್ದಿತು, ತೋಳಿಗೆ ಬಲ ಬಂತು. ಪರಿಣಾಮ ಕೆಲವೇ ಗಂಟೆಗಳದ್ದು, ಆದರೆ ದಾರಿ ಸರಿಯಾಗಿತ್ತು. ಇಂದು ಅಲ್ಜೈಮರ್ ರೋಗಿಗಳಿಗೆ ಕೊಡುವ ಡೊನೆಪೆಜಿಲ್ ಕೂಡ ಮೆದುಳಿನಲ್ಲಿ ಅದೇ ಕಿಣ್ವವನ್ನು ಸ್ವಲ್ಪ ತಡೆದು, ಉಳಿದಿರುವ ಅಸಿಟೈಲ್‌ಕೋಲಿನ್ ಇನ್ನೊಂದಿಷ್ಟು ಹೊತ್ತು ನಿಲ್ಲುವಂತೆ ಮಾಡುತ್ತದೆ.

ಮಯಸ್ತೇನಿಯಾದ ಮೂಲ ಕಾರಣವನ್ನು ತೋರಿಸಿಕೊಟ್ಟಿದ್ದರ ಹಿಂದೆ ಹಾವಿನ ವಿಷವಿದೆ. 1963ರಲ್ಲಿ ತೈವಾನಿನ ಸಿ.ಸಿ. ಚಾಂಗ್ ಮತ್ತು ಸಿ.ವೈ. ಲೀ ಅಲ್ಲಿನ ಕಟ್ಟು ಹಾವಿನ ವಿಷವನ್ನು ಬೇರ್ಪಡಿಸಿ, ಅದರಲ್ಲಿ ಆಲ್ಫಾ ಮತ್ತು ಬೀಟಾ ಬಂಗರೊಟಾಕ್ಸಿನ್‌ಗಳೆಂಬ ಎರಡು ತೆರನ ನರವಿಷಗಳಿವೆಯೆಂದು ಕಂಡುಕೊಂಡರು. ಆಲ್ಫಾ ಸ್ನಾಯುವಿನ ಗ್ರಾಹಕಕ್ಕೆ ಬಿಡಿಸಲಾಗದಷ್ಟು ಬಿಗಿಯಾಗಿ ಅಂಟುತ್ತದೆ. ಆ ಬಿಗಿತವೇ ಉಪಕಾರಕ್ಕೆ ಬಂತು: 1970ರಲ್ಲಿ ಪ್ಯಾರಿಸ್ಸಿನ ಷಾನ್-ಪಿಯರ್ ಷಾಂಜೊ ತಂಡ, ವಿದ್ಯುತ್ ಮೀನಿನ ಅಂಗದಿಂದ ಗ್ರಾಹಕವನ್ನು ಮೊದಲ ಸಲ ಗುರುತಿಸಿ ಹೊರತೆಗೆಯುವಾಗ ಈ ವಿಷವನ್ನೇ ಗುರುತುಚೀಟಿಯಾಗಿ ಬಳಸಿತು. ಮೂರು ವರ್ಷದ ಬಳಿಕ ಅಮೆರಿಕದ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಶುದ್ಧೀಕರಿಸಿದ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ, ಮೊಲಗಳ ಮೈ ಅದರ ವಿರುದ್ಧ ಪ್ರತಿಕಾಯ ತಯಾರಿಸಿ, ಅವು ಮಯಸ್ತೇನಿಯಾ ರೋಗಿಗಳಂತೆಯೇ ಸೋತು ಬಿದ್ದವು. ದೇಹ ತನ್ನದೇ ಗ್ರಾಹಕಗಳ ಮೇಲೆ ದಾಳಿ ಮಾಡುವುದೇ ಕಾಯಿಲೆ ಎಂದು ಹೀಗೆ ಗೊತ್ತಾಯಿತು.

ನಮ್ಮಲ್ಲಿ ಹಾವಿನ ವಿಷ ಪ್ರಯೋಗಾಲಯದ ಸಾಧನವಾಗಿಯಷ್ಟೇ ಉಳಿದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ನಾಗರಹಾವು ಮತ್ತು ಕಟ್ಟು ಹಾವು ಎರಡೂ ಉಸಿರಾಟದ ಸ್ನಾಯುಗಳನ್ನು ಸೋಲಿಸುತ್ತವೆ, ಆದರೆ ಕಂದಕದ ಬೇರೆ ಬೇರೆ ದಡಗಳಲ್ಲಿ. ನಾಗರದ ವಿಷ ಹೆಚ್ಚಾಗಿ ಸ್ನಾಯುವಿನ ಕಡೆಯ ಗ್ರಾಹಕಗಳನ್ನು ಮುಚ್ಚುತ್ತದೆ. ಆಗ ಪ್ರತಿವಿಷದ ಜೊತೆ ನಿಯೊಸ್ಟಿಗ್ಮಿನ್ ಕೊಟ್ಟು ಅಳಿಸುವ ಕಿಣ್ವವನ್ನು ತಾತ್ಕಾಲಿಕವಾಗಿ ತಡೆದರೆ, ಹೆಚ್ಚಿದ ಅಸಿಟೈಲ್‌ಕೋಲಿನ್ ಪೈಪೋಟಿ ನಡೆಸಿ ಸ್ನಾಯುವನ್ನು ಎಬ್ಬಿಸಬಲ್ಲದು. ಕಟ್ಟು ಹಾವಿನ ಬೀಟಾ ವಿಷ ನರತುದಿಯನ್ನೇ ಹಾಳುಗೆಡವುತ್ತದೆ. ಚೀಲಗಳೇ ಖಾಲಿಯಾದ ಮೇಲೆ ಕಿಣ್ವವನ್ನು ತಡೆದು ಪ್ರಯೋಜನವಿಲ್ಲ. ಆದ ಹಾನಿಯನ್ನು ಪ್ರತಿವಿಷವೂ ಹಿಂದಕ್ಕೆ ತಿರುಗಿಸಲಾರದು. ನರತುದಿ ಹೊಸದಾಗಿ ಚಿಗುರುವವರೆಗೆ, ದಿನಗಟ್ಟಲೆ, ವೆಂಟಿಲೇಟರ್ ಉಸಿರಾಡಿಸಬೇಕು.

ಕಟ್ಟು ಹಾವು ಕಡಿಯುವುದು ಬಹುತೇಕ ರಾತ್ರಿ ನೆಲದ ಮೇಲೆ ಮಲಗಿದವರನ್ನು. ನೋವು ಇಲ್ಲವೆನ್ನುವಷ್ಟು ಕಡಿಮೆ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋಲತೊಡಗಿದರೆ, ನುಂಗಲು ಕಷ್ಟವಾದರೆ, ಅಜೀರ್ಣವೆಂದು ಕಷಾಯ ಕುಡಿಸುತ್ತ ಕೂರಬಾರದು. ವಿಷ ಪೂರ್ತಿ ಏರಿದ ರೋಗಿಯ ಕಣ್ಣಿನ ಪಾಪೆಯೂ ಅಗಲವಾಗಿ ಸ್ತಬ್ಧವಾಗುವುದರಿಂದ, ಮೆದುಳು ಸತ್ತಿದೆಯೆಂದು ತಪ್ಪಾಗಿ ಭಾವಿಸಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಮೆದುಳು ಎಚ್ಚರವಾಗಿಯೇ ಇರುತ್ತದೆ; ಆ ಮನುಷ್ಯ ಸುತ್ತಲಿನವರ ಮಾತು ಕೇಳಿಸಿಕೊಳ್ಳುತ್ತಿರಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಂದು ವೆಂಟಿಲೇಟರ್, ದಾರಿಯುದ್ದಕ್ಕೂ ಕೈಯಿಂದ ಗಾಳಿ ಒತ್ತಬಲ್ಲ ತರಬೇತಾದ ಒಬ್ಬ ಸಿಬ್ಬಂದಿ ಇಲ್ಲಿ ಅತ್ಯಂತ ದುಬಾರಿ ಔಷಧಕ್ಕಿಂತ ಹೆಚ್ಚು ಬೆಲೆಬಾಳುತ್ತಾರೆ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದೇ ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ, ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯೊಂದಿಗೆ ಸೇರಿ, ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಮುಚ್ಚುವ ಒಂದು ಗುಂಪಿನ ವಿಷಗಳಿಗೆ ಕೃತಕ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿತು. ನಾಗರ, ಕಟ್ಟು ಹಾವು, ಆಫ್ರಿಕಾದ ಮಾಂಬಾಗಳ ವಿಷಗಳಲ್ಲಿ ಈ ಗುಂಪು ಒಂದೇ ಆಕಾರದ್ದು. ವಿಷಗಳು ಗ್ರಾಹಕಕ್ಕೆ ಅಂಟುವ ಜಾಗವನ್ನೇ ಪ್ರತಿಕಾಯ ಹಿಡಿದುಕೊಳ್ಳುತ್ತದೆ. ಇಲಿಗಳಲ್ಲಿ ತಡವಾಗಿ ಕೊಟ್ಟಾಗಲೂ ಅದು ಜೀವ ಉಳಿಸಿತು, ಮತ್ತು ಇಂದಿನ ಪ್ರತಿವಿಷದ ಹಾಗೆ ಕುದುರೆಯ ರಕ್ತದಿಂದ ತಯಾರಾಗದ ಕಾರಣ ಅಲರ್ಜಿಯ ಅಪಾಯವೂ ಕಡಿಮೆಯಾಗಬಹುದು. ನರತುದಿಯನ್ನು ಹಾಳುಮಾಡುವ ಬೀಟಾ ಬಗೆಯ ವಿಷಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ವಿರುದ್ಧವೂ, ರಕ್ತ ಕೆಡಿಸುವ ಮಂಡಲದ ಹಾವುಗಳ ವಿಷದ ವಿರುದ್ಧವೂ ಬೇರೆ ಪ್ರತಿಕಾಯಗಳನ್ನು ಹುಡುಕಿ ಇದರೊಂದಿಗೆ ಬೆರೆಸಿದ ಮೇಲಷ್ಟೇ ಇದು ಹಾವು ಕಡಿತದ ಪೂರ್ಣ ಔಷಧವಾಗಬಲ್ಲದು.